ಮಲಗಿದವರ ಕಿಟಕಿ

ಪ್ರೀತಿಯ ಸ್ವೆನ್ ಸಾರ್,

ಸಾರ್ ಅನ್ನಬೇಡ, ಹೆಸರು ಹಿಡಿದು ಕರೆ ಎಂದು ಮೊದಲ ದಿನವೇ ಹೇಳಿದ್ದಿರಿ. ತಂದೆಯ ವಯಸ್ಸಿನವರನ್ನು ಹಾಗೆ ಕರೆಯಲು ಪುತ್ತೂರಿನವನಾದ ನನಗೆ ಬಾಯಿ ಬರಲಿಲ್ಲ. ನಿಮಗೆ ಓದಲು ಬಾರದ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಾದರೆ ಈ ಮಾತು ಹೇಳುವ ಧೈರ್ಯ ಬರುತ್ತಿರಲಿಲ್ಲ.

ಸೌದಿಯ ಖಮೀಸ್ ಮುಶೈತ್‌ನಲ್ಲಿ ಆಸ್ಪತ್ರೆ ಕಟ್ಟಬೇಕಿದ್ದ ಆ ಖಾಲಿ ಜಾಗಕ್ಕೆ ನಾವು ಮೊದಲು ಹೋದ ದಿನ ನೆನಪಿದೆಯೇ? ಇಸ್ತ್ರಿ ಮಾಡಿದ ಅಂಗಿಯಲ್ಲೇ ನೀವು ಮಣ್ಣಿನ ಮೇಲೆ ಮಲಗಿ, ಪಕ್ಕದಲ್ಲಿ ನನ್ನನ್ನೂ ಮಲಗಿಸಿದಿರಿ. ಡಯಾಲಿಸಿಸ್‌ಗೆ ಬಂದವರು ನಾಲ್ಕು ಗಂಟೆ ಹೀಗೇ ಬಿದ್ದುಕೊಂಡಿರಬೇಕು, ಅವರಿಗೆ ಗುಡ್ಡ ಕಾಣಬೇಕು ಎಂದಿರಿ. ನಿಮ್ಮ ಅಮ್ಮ ಸ್ವೀಡನ್ನಿನಲ್ಲಿ ಒಂದು ಚಳಿಗಾಲವಿಡೀ ಆಸ್ಪತ್ರೆಯ ಸೀಲಿಂಗ್ ನೋಡುತ್ತಲೇ ತೀರಿಕೊಂಡರಂತೆ. ಬಡಗಿಯ ಮಗನಾದ ನೀವು ಆರ್ಕಿಟೆಕ್ಟ್ ಆದದ್ದೇ ಅದಕ್ಕಂತೆ. ಆಮೇಲೆ ಕಟ್ಟಿಸಿದ ಪ್ರತಿ ಆಸ್ಪತ್ರೆಯಲ್ಲೂ ಕಿಟಕಿಯನ್ನು ಮಲಗಿದವರ ಕಣ್ಣಿಗೆ ಸರಿಯಾಗಿ ಇಟ್ಟಿರಂತೆ.

ನೀವು ಕಾಯಿಲೆಯಾಗಿ ಊರಿಗೆ ಹೋದ ಮೇಲೆ ನಮ್ಮ ಕಂಪನಿಯ ಮ್ಯಾನೇಜರ್, ನಿಮ್ಮ ನಕ್ಷೆ ಬರೆಯುತ್ತಿದ್ದ ನನ್ನನ್ನು ಕರೆದರು. ತಗ್ಗು ಕಿಟಕಿಗೆ ದಪ್ಪ ಗಾಜು, ಕಂಬಿ ಎಲ್ಲ ಬೇಕು, ಖರ್ಚು ಜಾಸ್ತಿ, ನಕ್ಷೆಯಲ್ಲಿ ಮೇಲಕ್ಕೆತ್ತಿಬಿಡು ಎಂದರು. ನಿಮ್ಮನ್ನು ಒಂದು ಮಾತು ಕೇಳೋಣ ಎಂದೆ. ಇಲ್ಲಿ ಉಳಿಯಲು ಬೇಕಾದ ನನ್ನ ಇಕಾಮಾ ಪರವಾನಗಿಯ ನವೀಕರಣದ ಕಾಗದ ಸಹಿಗಾಗಿ ಅವರ ಮೇಜಿನ ಮೇಲಿತ್ತು. ಅವರು ಅದನ್ನು ನೋಡಿದರು, ನಾನೂ ನೋಡಿದೆ. ಸಂಜೆಯೊಳಗೆ ಹನ್ನೆರಡೂ ಕಿಟಕಿಗಳನ್ನು ನನ್ನ ಕೈಯಾರೆ ಎತ್ತರಿಸಿದೆ ಸಾರ್.

ನೀವು ಹಾಸಿಗೆಯಿಂದ ಫೋನು ಮಾಡಿದಾಗ ಸ್ವರದ ಗುರುತೇ ಸಿಗಲಿಲ್ಲ.

"ಕಿಟಕಿ ಕೆಳಗೇ ಇದೆಯಲ್ಲ, ಅಶ್ರಫ್?"

"ಇದೆ ಸಾರ್."

ನೀವು ನೆಮ್ಮದಿಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ಎಂಟು ದಿನಕ್ಕೆ, ನೀವು ತೀರಿಕೊಂಡಿರೆಂದು ನಿಮ್ಮ ಮಗಳ ಮೇಲ್ ಬಂತು. ಅವತ್ತು ನಿಜ ಹೇಳಿದ್ದರೆ ನೀವು... ಅಥವಾ ಸುಳ್ಳೇ ಒಳ್ಳೆಯದಾಯಿತೇ? ಯಾರನ್ನು ಕೇಳಲಿ?

ಹೋದ ವಾರ ಆ ಕಟ್ಟಡಕ್ಕೆ ಹೋಗಿದ್ದೆ. ಕಾರ್ಕಳದ ನರ್ಸ್ ಪ್ರಿಸಿಲ್ಲಾ ಮೂಲೆಯ ಹಾಸಿಗೆ ತೋರಿಸಿದಳು. "ಎಂತ ಅಶ್ರಫ್ ಭಾಯ್, ಇದೊಂದು ಕಿಟಕಿ ಮಾತ್ರ ತಗ್ಗಿನಲ್ಲಿ ಯಾಕೆ? ಎಲ್ಲರಿಗೂ ಈ ಬೆಡ್ಡೇ ಬೇಕು." ನನ್ನ ಹೊಸ ನಕ್ಷೆ ತಲುಪುವ ಮೊದಲೇ ಮೇಸ್ತ್ರಿ ಅದನ್ನು ಕಟ್ಟಿ ಮುಗಿಸಿದ್ದನಂತೆ. ಅಲ್ಲಿ ಮಲಗಿದ್ದ ಮುದುಕರೊಬ್ಬರು ಗುಡ್ಡದ ಆಡುಗಳನ್ನು ನೋಡುತ್ತಾ ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದರು. ಉಳಿದವರ ಎದುರಿಗೆ ಬರೀ ಗೋಡೆ.

ಪ್ರಿಸಿಲ್ಲಾಳಿಗೆ ಎಲ್ಲ ಹೇಳಿಬಿಟ್ಟೆ. "ಇದನ್ನು ಹೇಳಬೇಕಾದ್ದು ನನಗಲ್ಲ, ಆಸ್ಪತ್ರೆಯವರಿಗೆ" ಎಂದಳು.

ಇವತ್ತು ಬೆಳಿಗ್ಗೆ ಆಸ್ಪತ್ರೆಯವರಿಗೆ ಕಾಗದ ಕೊಟ್ಟು ಬಂದೆ. ಸ್ವೆನ್ ಸಾರ್ ನಕ್ಷೆ ತಿದ್ದಿದವನು ನಾನೇ, ಉಳಿದ ಹನ್ನೊಂದು ಕಿಟಕಿಗಳನ್ನು ಇಳಿಸಲು ಒಪ್ಪಿಗೆ ಕೊಡಿ ಎಂದು ಬರೆದು ಸಹಿ ಹಾಕಿದ್ದೇನೆ. ಮ್ಯಾನೇಜರಿಗೂ ಒಂದು ಪ್ರತಿ ಕೊಟ್ಟೆ. ಆಸ್ಪತ್ರೆಯವರು ಒಪ್ಪುತ್ತಾರೋ ಇಲ್ಲವೋ, ನನ್ನ ಕೆಲಸ ಉಳಿಯುತ್ತದೋ... ಪುತ್ತೂರಿಗೆ ಫೋನು ಮಾಡಿ ಹೆಂಡತಿಗೆ ಹೇಳಿದೆ. ಕೆಲಸ ಹೋದರೆ ಮನೆಗೆ ಬನ್ನಿ ಎಂದಳು.

ನಿಮ್ಮ
ಅಶ್ರಫ್