ತೊಳೆದ ಮೀನಿಗೆ ಹೊಸ ಬಣ್ಣ

ತುಮಕೂರು
ಕಡಲೆಣಿಕೆ ಐವತ್ತೆಂಟನೆಯ ವರ್ಷ, ಆಶ್ವಯುಜ ಬಹುಳ ದ್ವಾದಶಿ
(ನಿಮ್ಮ ಕ್ಯಾಲೆಂಡರಿನಲ್ಲಿ ೨೧೭೧)

ನಮ್ಮ ಮನೆತನದ ಹಿರಿಯಜ್ಜಿ ಶಿವಲೀಲಾ ಅವರ ಪಾದಗಳಿಗೆ, ನಿಮ್ಮ ಮಗಳು ಇಂಚರಾಳಿಂದ ಐದನೆಯ ತಲೆಮಾರಿನವಳಾದ ಕಿನ್ನರಿಯ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ನಿಮ್ಮ ಕಾಲದ ವಾಡಿಕೆಯಂತೆ. ಬರೆಯಲಾರೆ, ನಮ್ಮ ಮನೆಯ ಕ್ಷೇಮ ನಾಳೆ ಸಂಜೆಯವರೆಗೆ ಮಾತ್ರ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟು ಕಂಡರೆ ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಜನ ಇದನ್ನು ಮುದುಕರಾಗುವವರೆಗೆ ಜೋಪಾನ ಮಾಡುತ್ತಾರೆ. ನಮ್ಮ ಬೀದಿಯವರೊಬ್ಬರು ತೀರಿಹೋದ ತಾಯಿಗೆ ಬರೆದು ಸಾರಿನಪುಡಿಯ ಅಳತೆ ಕೇಳಿದರು, ಅದಕ್ಕೂ ಒಂದು ಅರ್ಥವಿದೆ. ನಾನು ಮೂವತ್ತೊಂದನೆಯ ವಯಸ್ಸಿಗೇ ನನ್ನದನ್ನು ಒಂದು ಗಾಜಿನ ತೊಟ್ಟಿಗಾಗಿ ಸುರಿಯುತ್ತಿದ್ದೇನೆ. ನಿಮ್ಮ ದೆಸೆಯಿಂದ.

ಕಡಲೊಳಗೆ ಮನುಷ್ಯರು ಕಾಲಿಡಬಾರದೆಂದು ಮುಚ್ಚಿದ ವರ್ಷದಿಂದ ನಾವು ಎಣಿಸುತ್ತೇವೆ, ಅದೇ ಕಡಲೆಣಿಕೆ. ಹವಳದ ದಿಬ್ಬಗಳು ಸತ್ತುಹೋಗಿದ್ದವು. ಉಳಿದ ಜೀವಗಳನ್ನು ಮನೆಮನೆಗೆ ಹಂಚಿದರು. ಹಾಗಾಗಿ ಸಮುದ್ರದ ಗಾಳಿಯೇ ಕಾಣದ ತುಮಕೂರಿನಲ್ಲೂ ಈಗ ಪ್ರತಿ ಮನೆಯ ಹಜಾರದಲ್ಲಿ ಒಂದು ಮನೆಗಡಲು ಇರುತ್ತದೆ, ನೀವು ಅಕ್ವೇರಿಯಂ ಅನ್ನುತ್ತಿದ್ದಿರಲ್ಲ, ಅದು. ಮಕ್ಕಳು ಹಲ್ಲುಜ್ಜುವ ಮೊದಲು ಉಪ್ಪಿನ ಮಾಪಕ ನೋಡುತ್ತವೆ. ಆವಿಯಾದಷ್ಟು ಸಿಹಿನೀರು ಸುರಿಯುತ್ತವೆ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ತೆಗೆದು ಹೊಸ ಉಪ್ಪುನೀರು ತುಂಬುತ್ತೇವೆ. ಉಳಿದದ್ದೆಲ್ಲ ಆಯಾ ಮನೆಯ ಮೂಲಪುಸ್ತಕದಂತೆ, ಅಂದರೆ ಮನೆತನದಲ್ಲಿ ಮೊದಲು ತೊಟ್ಟಿ ಇಟ್ಟವರು ಬರೆದಿಟ್ಟಂತೆ, ನಡೆಯಬೇಕು. ನಮ್ಮ ಮೂಲಪುಸ್ತಕ ನಿಮ್ಮ ಆ ಇನ್ನೂರು ಪುಟದ ನೋಟುಬುಕ್ಕು.

ಅದನ್ನು ಓದಿ ನಾನು ತಲೆ ಚಚ್ಚಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಗೆ ಇಟ್ಟಿರಿ, ಗಾಜೆಲ್ಲ ಹಸಿರು ಪಾಚಿಗಟ್ಟಿತು. ಬರೆದಿದ್ದೀರಿ. ನೀರು ಇಳಿದಾಗಲೆಲ್ಲ ಉಪ್ಪುನೀರನ್ನೇ ತುಂಬಿದಿರಿ. ಆವಿಯಾಗುವುದು ನೀರು, ಉಪ್ಪಲ್ಲ ಎಂದು ಸಿಗಡಿ ಸತ್ತ ಮೇಲೆ ಹೊಳೆಯಿತು. ಅದನ್ನೂ ಬರೆದಿದ್ದೀರಿ. ತಿಂಗಳು ಕಾಯಬೇಕಿದ್ದ ಕಡೆ ಮೂರೇ ದಿನಕ್ಕೆ ಮೀನು ಬಿಟ್ಟಿದ್ದನ್ನು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೀರಿ. ಇಷ್ಟೆಲ್ಲ ಒಪ್ಪಿಕೊಂಡವರು ಸುಳ್ಳು ಹೇಳಲಾರರು ಎಂದು ಮನೆಯವರೆಲ್ಲ ನಂಬಿಬಿಟ್ಟರು, ಅಲ್ಲಿಗೆ ನಮ್ಮ ಗ್ರಹಚಾರ ಶುರುವಾಯಿತು.

ಏಕೆಂದರೆ ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬ ಬಂತು. ಹಂಡೆ, ಕೊಡ, ಬಿಂದಿಗೆಗಳ ಹಳೇ ನೀರು ಚೆಲ್ಲಿ, ಉಜ್ಜಿ, ಹೊಸ ನೀರು ತುಂಬಿ ಪೂಜೆ ಮಾಡುವ ದಿನ. ತೊಟ್ಟಿಯಲ್ಲೂ ನೀರಿದೆಯಲ್ಲ ಎಂದು ನೀವು ಅದನ್ನೂ ಬರಿದು ಮಾಡಿದಿರಿ. ಕಲ್ಲು, ಮರಳು, ಗಾಜು ಎಲ್ಲವನ್ನೂ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿರಬೇಕು, ನಮ್ಮ ಮನೆಯಲ್ಲಿ ಇಂದಿಗೂ ಹಾಗೇ ಉಜ್ಜುತ್ತಾರೆ. ಮೀನಿನ ಹೊಲಸಿನ ವಿಷ ಕಳೆಯುವ ಜೀವಾಣುಗಳು ಆ ಕಲ್ಲುಗಳಲ್ಲೇ ಮನೆ ಮಾಡಿದ್ದವು. ಒಂದೂ ಉಳಿಯಲಿಲ್ಲ. ಈ ಬಗ್ಗೆ ನಿಮ್ಮ ಅಕ್ಷರದಲ್ಲಿ ಒಂದು ಸಾಲೂ ಇಲ್ಲ. ಆರು ವರ್ಷದ ಇಂಚರಾಳ ಸೊಟ್ಟ ಅಕ್ಷರದಲ್ಲಿ ಮಾತ್ರ ಇದೆ: "ಅಮ್ಮ ಹಬ್ಬಕ್ಕೆ ತೊಟ್ಟಿ ತೊಳೆದಳು. ಮೀನಿಗೆ ಹೊಸ ಬಣ್ಣ ಬಂತು."

ಬಣ್ಣ ಬರದೆ ಇನ್ನೇನು? ಅವು ಹೊಸ ಮೀನುಗಳು. ಪುಸ್ತಕಕ್ಕೆ ಅಂಟಿಸಿದ ಎರಡು ಫೋಟೋಗಳನ್ನು ನಾನು ಅಕ್ಕಪಕ್ಕ ಇಟ್ಟು ನೋಡಿದೆ. ಹಬ್ಬಕ್ಕೆ ಮುಂಚೆ ದೊಡ್ಡ ಮೀನಿನ ನಡುವಿನ ಬಿಳಿ ಪಟ್ಟೆ ತುಂಡಾಗಿದೆ, ಆಮೇಲಿನದರಲ್ಲಿ ಇಡಿಯಾಗಿದೆ. ಮನೆಯ ಹಿರಿಯರಾದ ಸಿದ್ದಗಂಗಮ್ಮ ದೊಡ್ಡಮ್ಮನಿಗೆ ತೋರಿಸಿದೆ. "ಹಬ್ಬದ ನೀರು ಬಿದ್ದ ಮೇಲೆ ಪಟ್ಟೆ ಕೂಡ್ಕೊಂಡೈತೆ ಕಣೇ. ಬರ್ದಿರೋದು ಕಾಣಲ್ವ ನಿಂಗೆ?" ಅಂದರು. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಂಡರು ಅಂತ ಗಾದೆ. ಇಲ್ಲಿ ಮರ ನೆಟ್ಟವರು ನೀವು, ನೇಣು ಮೀನಿಗೆ.

ಪ್ರತಿ ವರ್ಷ ಹಬ್ಬಕ್ಕೆ ತೊಳೆದೆವು, ಪ್ರತಿ ವರ್ಷ ಸತ್ತವು. ಹಬ್ಬದ ನೀರು ತಡೆಯದ ಮೀನಿಗೆ ಆಯಸ್ಸಿಲ್ಲ ಅಂದುಕೊಂಡು ನೆರೆಮನೆಯಿಂದ ಮರಿ ತಂದೆವು. ಈಗ ತರಲು ಎಲ್ಲೂ ಇಲ್ಲ. ಕಿತ್ತಳೆ ಮೈಯ ಈ ಜಾತಿಯಲ್ಲಿ ಇಡೀ ಜಿಲ್ಲೆಗೆ ಉಳಿದಿರುವುದು ನಮ್ಮ ಹಜಾರದ ಒಂದು ಜೋಡಿ. ನಾಲ್ಕು ದಿನದ ಹಿಂದೆ ಅದು ಮೊಟ್ಟೆ ಇಟ್ಟಿದೆ. ಕಲ್ಲಿನ ಮೇಲೆ ಸಾಸಿವೆಯಷ್ಟು ಸಣ್ಣವು, ಇನ್ನೂರಕ್ಕೂ ಹೆಚ್ಚು. ಗಂಡು ಪಕ್ಕದಲ್ಲೇ ನಿಂತು ಹಗಲೆಲ್ಲ ರೆಕ್ಕೆಯಿಂದ ಗಾಳಿ ಹಾಕುತ್ತಿದೆ, ಊಟಕ್ಕೂ ಬರುತ್ತಿಲ್ಲ. ಮರಿಯಾಗಲು ಇನ್ನು ಮೂರ್ನಾಲ್ಕು ದಿನ ಬೇಕು. ಹಬ್ಬ ನಾಳೆ. ಕಣ್ಣೀರು ಹಾಕಿ ಬೇಡಿಕೊಂಡೆ, ಬೈದೆ, ಊಟ ಬಿಟ್ಟೆ. ಪುಸ್ತಕದಲ್ಲಿ ತೋರಿಸು, ಕೈಬಿಡುತ್ತೇನೆ ಅಂದರು ದೊಡ್ಡಮ್ಮ. ಅವರು ಕೆಟ್ಟವರಲ್ಲ. ನಿಮ್ಮ ಮಾತಿಗೆ ನಿಮಗಿಂತ ಹೆಚ್ಚು ಬೆಲೆ ಕೊಡುವವರು, ಅಷ್ಟೆ.

ಈ ಓಲೆ ನಿಮಗೆ ಸಿಗುವುದು ಇಂಚರಾ ಆ ಸಾಲು ಬರೆದ ದಿನ. ನಿಮ್ಮ ಮೀನು ಆಗಲೇ ಸತ್ತಿವೆ, ಅವನ್ನು ಉಳಿಸಿ ಎಂದು ಕೇಳುತ್ತಿಲ್ಲ. ಮಗಳು ಶಾಲೆಯಿಂದ ಬರುವುದರೊಳಗೆ ಅಂಗಡಿಗೆ ಓಡಿ ಅದೇ ಜಾತಿಯ ಜೋಡಿ ತಂದು ಬಿಟ್ಟಿರಬೇಕು ನೀವು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಅವಳ ಸಾಲಿನ ಕೆಳಗೆ ನಿಮ್ಮ ಕೈಯಿಂದ ಇಷ್ಟು ಬರೆಯಿರಿ: "ತೊಳೆದದ್ದಕ್ಕೆ ಸತ್ತವು. ಇನ್ನು ಯಾರೂ ತೊಳೆಯಬೇಡಿ." ಬರೆದು ಅವಳಿಗೇ ಓದಿಸಿ. ಅಳುತ್ತಾಳೆ. ಅಳಲಿ, ಒಂದು ದಿನ ಅಳುತ್ತಾಳೆ. ಆ ಒಂದು ದಿನ ಅವಳು ಅಳಬಾರದು ಅಂತ ನಾವು ನೂರೈವತ್ತು ವರ್ಷ ಮೀನು ಕೊಂದಿದ್ದೇವೆ.

ಪುಸ್ತಕವನ್ನು ಆ ಪುಟಕ್ಕೆ ಬಿಚ್ಚಿಟ್ಟುಕೊಂಡು ಕೂತಿದ್ದೇನೆ. ನೀವು ಅಲ್ಲಿ ಬರೆದದ್ದು ಇಲ್ಲಿ ಮೂಡಬೇಕು, ಸಾಲಿನ ಕೆಳಗೆ ಇನ್ನೂ ಖಾಲಿಯೇ ಇದೆ. ಹಿತ್ತಲಲ್ಲಿ ದೊಡ್ಡಮ್ಮ ಉಜ್ಜಲು ತೆಂಗಿನ ನಾರು ನೆನೆಹಾಕುತ್ತಿದ್ದಾರೆ. ಬೇಗ ಬರೆಯಿರಿ, ಅಜ್ಜಿ.

ಕಿನ್ನರಿ