ಹೊರಗಿನ ಚಿಲಕ

ಉಪ್ಪುಂದ
ಭಾನುವಾರ, 14 ಸೆಪ್ಟೆಂಬರ್ 2025

ತೃಷಾಳ ಅಪ್ಪಯ್ಯನಿಗೆ ಸರಸ ಮಾಡುವ ನಮಸ್ಕಾರಗಳು.

ನಾವಿಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ದಿನಾ ಫೋನಿನಲ್ಲಿ ಸಿಗುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಹೋಟೆಲಿನ ಹುಡುಗರ ಮುಂದೆ ಬಿಚ್ಚಲೂಬೇಡಿ. ನಮ್ಮ ಮನೆಯ ಗೋಡೆ ನಿಮಗೆ ಗೊತ್ತಲ್ಲ, ಅಡುಗೆಕೋಣೆಯಲ್ಲಿ ಪಿಸುಗುಟ್ಟಿದರೆ ಜಗಲಿಗೆ ಕೇಳುತ್ತದೆ. ಇದು ತೃಷಾ ಕೇಳಬಾರದ ಮಾತು. ಮೊದಲೇ ತಿಳಿಸಬೇಕಿತ್ತು, ಧೈರ್ಯ ಬರಲಿಲ್ಲ, ಕ್ಷಮಿಸಿ. ನಿಮ್ಮ ಹೋಟೆಲಿನ ಪ್ರವೀಣ್ ರಜೆ ಮುಗಿಸಿ ನಾಳೆ ಮುಂಬೈ ಬಸ್ಸು ಹತ್ತುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮಗಳು ಫೋನಿಗೆ ಯಾಕೆ ಬರುವುದಿಲ್ಲ ಎಂದು ನೀವು ಕೇಳಿದಾಗಲೆಲ್ಲ ಟ್ಯೂಷನ್ ಎಂದೆ, ತಲೆನೋವು ಎಂದೆ. ಎಲ್ಲ ಸುಳ್ಳು. ಅವಳು ಬಾಗಿಲ ಮರೆಯಲ್ಲಿ ನಿಂತು ನಿಮ್ಮ ದನಿ ಕೇಳುತ್ತಾಳೆ. ನಾನು ಫೋನ್ ಇಟ್ಟ ಮೇಲೆ ಅಪ್ಪಯ್ಯ ಹುಷಾರಿದ್ದಾರಾ ಎಂದು ಕೇಳಿ, ಹೋಗಿ ಮುದುಡಿ ಮಲಗುತ್ತಾಳೆ. ಬಂಗುಡೆ ಸಾರು ಮಾಡಿದರೂ ತಟ್ಟೆ ದೂಡುತ್ತಾಳೆ ಎಂದರೆ ನೀವೇ ಲೆಕ್ಕ ಹಾಕಿ.

ಜಲಜಳ ಮಗಳು ಪೂಜಿತಾ ನೆನಪಿದೆಯಲ್ಲ? ನಾನೂ ಜಲಜಳೂ ಗೇರುಬೀಜದ ಕಾರ್ಖಾನೆಯಲ್ಲಿ ಅಕ್ಕಪಕ್ಕ ಕೂತು ಸಿಪ್ಪೆ ತೆಗೆಯುವವರು. ಮಕ್ಕಳಿಬ್ಬರೂ ಏಳನೇ ಕ್ಲಾಸಿನಲ್ಲಿ ಒಂದೇ ಬೆಂಚು. ಆ ಕ್ಲಾಸಿನಲ್ಲಿ ಯಾಮಿನಿ ಎಂಬವಳ ಒಂದು ಗುಂಪಿದೆ. ಅವಳು ನಕ್ಕರೆ ಎಲ್ಲರೂ ನಗಬೇಕು, ಅವಳು ಮುಖ ತಿರುಗಿಸಿದವರ ಹತ್ತಿರ ಯಾರೂ ಮಾತಾಡಬಾರದು. ನಮ್ಮವಳಿಗೆ ಈ ವರ್ಷ ಅದರಲ್ಲಿ ಜಾಗ ಸಿಕ್ಕಿತ್ತು. ಎರಡು ಕೊಂಬು ಬಂದ ಹಾಗೆ ತಿರುಗುತ್ತಿದ್ದಳು.

ಹೋದ ತಿಂಗಳ ಕೊನೆಗೆ ಯಾಮಿನಿ ಶಾಲೆಗೆ ಮೊಬೈಲ್ ತಂದಳು. ಟೀಚರು ಕೇಳಿದಾಗ ಪೂಜಿತಾ ನಡೆದದ್ದನ್ನು ಹೇಳಿಬಿಟ್ಟಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆ ಶುಕ್ರವಾರ ಕೊನೆಯ ಆಟದ ಪೀರಿಯಡ್ಡಿನಲ್ಲಿ, ಹಳೆ ಬೆಂಚು ತುಂಬಿದ ಹಿಂದಿನ ಕೋಣೆಯಿಂದ ಚೆಂಡು ತರಲು ಅವಳನ್ನು ಒಳಗೆ ಕಳಿಸಿ, ಹೊರಗಿನಿಂದ ಚಿಲಕ ಹಾಕಿದರು. ಸ್ವಲ್ಪ ಹೊತ್ತಿನ ತಮಾಷೆ ಎಂದುಕೊಂಡದ್ದಂತೆ. ಬೆಲ್ ಆಯಿತು, ಶಾಲೆಯ ಬಸ್ಸು ಬಂತು, ಯಾರೂ ತೆಗೆಯಲಿಲ್ಲ. ತೆಗೆದವಳು ಗುಂಪಿನಿಂದ ಹೊರಗೆ ಎಂಬುದು ಯಾಮಿನಿಯ ಕಾನೂನು. ಜೋರು ಮಳೆ ಬೇರೆ, ಟೀಚರುಗಳಿಗೆ ಕೂಗು ಕೇಳಲಿಲ್ಲ. ಕತ್ತಲಾದ ಮೇಲೆ ಜಲಜ ಹುಡುಕಿಕೊಂಡು ಹೋದಾಗ ಮಗು ಮೂಲೆಯಲ್ಲಿ ಬಿದ್ದಿತ್ತು. ಬಾಗಿಲು ಕೆರೆದು ಕೆರೆದು ಉಗುರು ಕಿತ್ತುಹೋಗಿತ್ತು. ಈಗ ಬ್ರಹ್ಮಾವರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಬಚ್ಚಲಿನ ಬಾಗಿಲು ಹಾಕಲೂ ಬಿಡುವುದಿಲ್ಲ. ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ.

ಮರುದಿನ ಗುಂಪಿನವರೆಲ್ಲ ಶಾಲೆಯ ಹಿಂದಿರುವ ಹಾಯ್ಗುಳಿ ದೈವದ ಕಲ್ಲು ಮುಟ್ಟಿ ಆಣೆ ಹಾಕಿದ್ದಾರೆ. ಬಾಯಿ ಬಿಟ್ಟವಳ ಅಪ್ಪ ಸಾಯಲಿ ಎಂದು.

ಮೊನ್ನೆ ತೃಷಾ ನನ್ನ ಮಡಿಲಲ್ಲಿ ಮುಖ ಹುದುಗಿಸಿ ಎಲ್ಲ ಹೇಳಿದಳು. ಚಿಲಕ ಹಾಕಿದ್ದು ಅವಳೇ.

"ನೀ ಹಾಕದಿರೆ ನಾಳೆಯಿಂದ ನಿಂಗೂ ಇದೇ ಅಂದೇಳಿ ಯಾಮಿನಿ ಹೇಳ್ತ್. ಈಗ ನಾ ನಿಂಗೆ ಹೇಳ್ದೆ. ಅಪ್ಪಯ್ಯ ಸಾಯ್ತ್ರಾ ಅಮ್ಮ?"

ನಾನು ಹೊಡೆದೆ. ಹೊಡೆದ ಕೈಯಲ್ಲೇ ತಬ್ಬಿಕೊಂಡೆ. ದೈವದ ಚಾಕರಿಯ ಕುಷ್ಟಣ್ಣನನ್ನು ಕೇಳಿದೆ. ತಪ್ಪುಕಾಣಿಕೆ ಹಾಕಿದರೆ ಆಣೆ ಬಿಡುತ್ತದೆ ಎಂದರು. ಹಾಕಿ, ಕೈಮುಗಿಸಿ, ಗಂಧ ಹಚ್ಚಿಸಿ ಕರೆತಂದೆ. ಆದರೂ ಆ ಸಂಜೆ ಫೋನಿಗೆ ಬರಲಿಲ್ಲ. ದೈವ ಬಿಟ್ಟರೂ ಯಾಮಿನಿ ಹಾಕಿಸಿದ ಆಣೆಯ ಹೆದರಿಕೆ ಅವಳನ್ನು ಬಿಡಬೇಕಲ್ಲ.

ಮಕ್ಕಳನ್ನು ಬೈದು ಏನು ಪ್ರಯೋಜನ? ನಿನ್ನೆ ಬೆಳಿಗ್ಗೆ ಯಾಮಿನಿಯ ತಾಯಿ ಫೋನ್ ಮಾಡಿದ್ದಳು. ಹೆಡ್ಮಾಸ್ಟರು ಕೇಳಿದರೆ ಬಾಗಿಲು ಗಾಳಿಗೆ ಹಾಕಿಕೊಂಡಿತು ಎಂದು ಎಲ್ಲರೂ ಒಂದೇ ಮಾತು ಹೇಳುವುದಂತೆ. ಉಳಿದ ತಾಯಂದಿರೆಲ್ಲ ಒಪ್ಪಿದ್ದಾರಂತೆ. "ನೀವೊಬ್ರೇ ಬೇರೆ ಆಪ್ದ್ ಬ್ಯಾಡ, ಸರಸಕ್ಕ" ಎಂದಳು. ಗಾಳಿಗೆ ಬಾಗಿಲು ಹಾಕಿಕೊಂಡೀತು, ಚಿಲಕ ಹಾಕಿಕೊಳ್ಳುತ್ತದೆಯೇ? ನನ್ನ ಬಾಯಿ ಎಷ್ಟು ಜೋರು ಎಂದು ನಿಮಗೆ ಗೊತ್ತು, ಅಂಥ ನಾನೂ ಹೂಂ ಎಂದುಬಿಟ್ಟೆ. ಮಧ್ಯಾಹ್ನ ಕಾರ್ಖಾನೆಯಲ್ಲಿ ಜಲಜ ದಿನದಂತೆ ತನ್ನ ಡಬ್ಬಿಯ ಪಲ್ಯವನ್ನು ನನ್ನ ಅನ್ನದ ಪಕ್ಕ ಹಾಕಿದಳು. ಅದನ್ನು ಮುಟ್ಟದೆ ಡಬ್ಬಿ ಮುಚ್ಚಿದೆ. ನನಗೆ ಆ ಹೂಂ ಬೇಡ.

ಈಗ ನಿಮ್ಮಿಂದ ಒಂದು ಉಪಕಾರ ಆಗಬೇಕು. ಹೆಡ್ಮಾಸ್ಟರರ ಮುಂದೆ, ಜಲಜಳ ಮುಂದೆ ತೃಷಾ ತನ್ನ ಬಾಯಿಂದಲೇ ಸತ್ಯ ಹೇಳಬೇಕು. ನಿಮ್ಮ ಜೀವಕ್ಕೆ ಹೆದರಿ ಹೇಳುತ್ತಿಲ್ಲ. ನಿನ್ನೆ ಸಂಜೆ ಫೋನಿನಲ್ಲಿ ನೀವು ಕೆಮ್ಮಿದಿರಲ್ಲ, ಆಮೇಲೆ ಅವಳು ನೀರೂ ಕುಡಿಯಲಿಲ್ಲ. ಕಾಗದ ಮುಟ್ಟಿದ ದಿನವೇ ಫೋನ್ ಮಾಡಿ. ನಾನು ಸ್ಪೀಕರ್ ಹಾಕುತ್ತೇನೆ, ಅವಳು ಬಾಗಿಲ ಹಿಂದೆ ಇರುತ್ತಾಳೆ. ನಂಗೆ ಎಂತದೂ ಆತಿಲ್ಲೆ ಮಗಾ, ನೀ ಹೇಳ್ ಎಂದು ಗಟ್ಟಿಯಾಗಿ ಹೇಳಿ. ಮರುದಿನವೇ ಹೋಗುತ್ತೇವೆ. ಆಮೇಲೆ ಶಾಲೆಯಲ್ಲಿ ಅವಳ ಪಕ್ಕ ಯಾರೂ ಕೂರದಿರಬಹುದು, ಕಾರ್ಖಾನೆಯಲ್ಲಿ ನನ್ನ ಪಕ್ಕವೂ. ಅದನ್ನು ಉಣ್ಣಲೇಬೇಕು.

ರಸ್ತೆ ದಾಟುವಾಗ ಜಾಗ್ರತೆ. ಕೆಮ್ಮಿಗೆ ಔಷಧಿ ತೆಗೆದುಕೊಳ್ಳಿ, ಈಗ ನೀವು ಬರೀ ನಿಮಗಾಗಿ ಹುಷಾರಿದ್ದರೆ ಸಾಲದು. ಅಮ್ಮ ದುರ್ಗಾಪರಮೇಶ್ವರಿ ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ ನಿಮ್ಮ
ಸರಸ

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಉಳಿದವರು ಬಸ್ಸಿಗೆ ಓಡಿದ ಮೇಲೂ ತೃಷಾ ಆ ಬಾಗಿಲ ಹೊರಗೆ ನಿಂತಿದ್ದಳು. ಚಿಲಕದ ಮೇಲೆ ಕೈ ಇಟ್ಟಿದ್ದಳಂತೆ. ಬಸ್ಸಿನ ಕಿಟಕಿಯಿಂದ ಯಾಮಿನಿ ನೋಡುತ್ತಿದ್ದಳು. ಕೈ ತೆಗೆದು ಬಸ್ಸು ಹತ್ತಿದಳು. ಒಳಗಿನಿಂದ ಪೂಜಿತಾ ಟೀಚರನ್ನು ಕರೆಯಲಿಲ್ಲ, ಅಮ್ಮನನ್ನೂ ಕರೆಯಲಿಲ್ಲ. ಅಳುತ್ತಾ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದಳಂತೆ: "ತೃಷಾ ಹೊರಗಿತ್ತ್. ಅದ್ ಈಗ ಬಾಗ್ಲ್ ತೆಗಿತ್ತ್."