ಅತ್ತೆಯ ಮೊಣಕಾಲಿನ ಕೆಂಪು ಚುಕ್ಕಿಗಳು

ಜೂನ್ ೧೧, ಗುರುವಾರ

ಮಲಗೋಣ ಅಂದರೆ ನಗು ನಿಲ್ಲುತ್ತಿಲ್ಲ.

ಅತ್ತೆಯ ಮೊಣಕಾಲು ನೋವೆಲ್ಲ ನೆಪ ಅನ್ನೋದು ಮಾವನ ವಾದ. ಎಕ್ಸ್‌ರೇಯಲ್ಲಿ ಸ್ವಲ್ಪ ಸವೆತ ಮಾತ್ರ ಕಂಡಿತ್ತು. ಅದನ್ನೇ ಹಿಡಿದುಕೊಂಡು, "ವಯಸ್ಸಾದ್ರೆ ಎಲ್ರಿಗೂ ಇಷ್ಟಿರುತ್ತೆ" ಅಂತ ರಾಗ ಎಳೆಯುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತೆ, ಉರಿಯೂತ ಕಾಣಲ್ಲ ಅಂತ ಹೇಳಿ ಹೇಳಿ ಸಾಕಾಗಿ, ಇವತ್ತು ಅತ್ತೆಯನ್ನು ನನ್ನ ಸ್ಕ್ಯಾನಿಂಗ್ ಕೋಣೆಗೇ ಕರೆದುಕೊಂಡು ಹೋದೆ.

ಮೊದಲು ಏನೂ ಕಾಣಲಿಲ್ಲ. ಅತ್ತೆಯ ಮುಖ ಸಪ್ಪಗಾಯಿತು. ಆಮೇಲೆ ಹೊಳೆಯಿತು: ಹೇಗಾದರೂ ಕಾಣಲಿ ಅನ್ನೋ ಹಠದಲ್ಲಿ ನಾನು ಸ್ಕ್ಯಾನ್ ಮಾಡುವ ಪ್ರೋಬನ್ನು ಮೊಣಕಾಲಿಗೆ ಒತ್ತಿ ಹಿಡಿದಿದ್ದೆ! ಒತ್ತಿದರೆ ಕೀಲಿನ ನೀರು ಪಕ್ಕಕ್ಕೆ ಸರಿಯುತ್ತೆ, ರಕ್ತದ ಓಟವೂ ಕಾಣದಾಗುತ್ತೆ. ಹೊಸಬರಿಗೆ ನಾನೇ ದಿನಾ ಬೈಯುವ ತಪ್ಪು. ಇನ್ನಷ್ಟು ಜೆಲ್ ಸುರಿದು ಕೈ ಹಗುರ ಮಾಡಿದೆ. ಪರದೆಯಲ್ಲಿ ಕಪ್ಪಗೆ ಕಾಣುವ ನೀರಿನ ಅಂಚಿನಲ್ಲಿ ರಕ್ತದ ಓಟದ ಕೆಂಪು ಚುಕ್ಕಿಗಳು ಮಿನುಗತೊಡಗಿದವು. ಅಪ್ಪಟ ಉರಿಯೂತ, ತೀವ್ರತೆಗೆ ನಾವು ಕೊಡುವ ಮೂರು ಅಂಕದಲ್ಲಿ ಎರಡು.

"ನೋಡಿದ್ಯಾ! ನಾನು ಹೇಳಿರ್ಲಿಲ್ವಾ?" ಅತ್ತೆ ರ‍್ಯಾಂಕ್ ಬಂದವರ ಹಾಗೆ ಹಿಗ್ಗಿದರು. ಉರಿಯೂತ ಇದೆ ಅಂತ ಇಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ. ನನಗೂ ಖುಷಿಯೇ. ಸವೆತವನ್ನು ಅಳಿಸಲಾಗದಿದ್ದರೂ ಉರಿಯೂತವನ್ನಾದರೂ ಔಷಧಿಯಿಂದ ಇಳಿಸಬಹುದಲ್ಲ.

ಚಿತ್ರ ಈಗ ಫ್ರಿಜ್ ಬಾಗಿಲ ಮೇಲಿದೆ. ಮಾವ ಕನ್ನಡಕ ಹಾಕಿಕೊಂಡು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದರು. ಈಗಲಾದರೂ ಸೋಲು ಒಪ್ಪಿಕೊಳ್ಳುತ್ತಾರೆ ಅಂದುಕೊಂಡೆ. ಅತ್ತೆ ಒಳಗೆ ಹೋದದ್ದೇ ತಡ, ನನ್ನ ಹತ್ತಿರ ಬಂದು ಪಿಸುಗುಟ್ಟಿದರು:

"ನಂದೂ ಒಂದ್ಸಲ ನೋಡ್ತೀಯೇನಮ್ಮಾ? ಎರಡು ವರ್ಷದಿಂದ ಎಡಗಾಲು... ಅವಳಿಗೆ ಮಾತ್ರ ಹೇಳ್ಬೇಡ."